ಮಡಿಕೆಗೊಂದು ರಟ್ಟಿನ ಹಲಗೆ

ಕನ್ನಡದಲ್ಲಿ ‘ಮಡಿ’ ಎಂಬ ಎರಡಕ್ಷರದ ಮಾತಿಗೆ ಕೆಲಸ ಬಹಳ. ಒಗೆದು ಒಣಗಿಸಿದ ಬಟ್ಟೆ ಮಡಿ. ಅದನ್ನು ಉಟ್ಟವರು ಮಡಿಯಲ್ಲಿದ್ದಾರೆ. ಒಗೆಯುವವರು ಮಡಿವಾಳರು, 12ನೆಯ ಶತಮಾನದ ಶರಣ ಮಾಚಿದೇವರ ಹೆಸರಿನ ಹಿಂದೆ ಇರುವುದೂ ಈ ಕಾಯಕವೇ. ಬಟ್ಟೆಯ ಪದರವೂ ಮಡಿಯೇ. ಎರಡು ಮಡಿ ಇಮ್ಮಡಿಯಾಗಿ ಪುಲಕೇಶಿಗೆ, ಮೂರು ಮಡಿ ಮುಮ್ಮಡಿಯಾಗಿ ಕೃಷ್ಣರಾಜ ಒಡೆಯರಿಗೆ ಅಂಟಿಕೊಂಡವು. ಹಲಸೂರಿನ ಬೀದಿಗಳಲ್ಲಿ ಇದೇ ಮಾತು ತಮಿಳಿನವರ ಬಾಯಲ್ಲಿ ಮಡಿ, ತೆಲುಗಿನವರ ಬಾಯಲ್ಲಿ ಮಡತ. ಶಿವಾಜಿನಗರದ ಕಡೆ ಬಂದರೆ ಉರ್ದುವಿನ ‘ತಹ್’. ಭಾಷೆ ನಾಲ್ಕಾದರೂ ಕೆಲಸ ಒಂದೇ, ಮತ್ತು ಆ ಕೆಲಸ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರದೇ ಪಾಲು.

ಒಗೆಯುವುದಕ್ಕೆ ಯಂತ್ರ ಬಂತು. ಮಡಚುವುದಕ್ಕೆ ಬರಲಿಲ್ಲ. ಹಗ್ಗದಿಂದ ಎತ್ತಿ ತಂದ ಬಟ್ಟೆ ಕುರ್ಚಿಯ ಮೇಲೆ ಗುಡ್ಡೆಯಾಗಿ, ಬೆಳಿಗ್ಗೆ ಅದರಿಂದಲೇ ಒಂದೊಂದನ್ನು ಎಳೆದು ಹಾಕಿಕೊಳ್ಳುವ ಮನೆಗಳು ಇಂದಿರಾನಗರದಲ್ಲೂ ಇವೆ, ಕೆ.ಆರ್. ಪುರದಲ್ಲೂ ಇವೆ.

ಹಾಗೆಂದು ಮಡಿಕೆಯ ಶಿಸ್ತು ಈ ಭಾಗಕ್ಕೆ ಹೊಸದಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದ ಬ್ರಿಟಿಷ್ ಸೈನ್ಯ ಹಲಸೂರಿನ ಬಳಿ ಬೀಡುಬಿಟ್ಟಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದದ್ದು ಹಾಗೆ. ಸೈನ್ಯದ ಬೆನ್ನಿಗೆ ದರ್ಜಿಗಳೂ ಅಗಸರೂ ವ್ಯಾಪಾರಿಗಳೂ ಬಂದರು. ಸಿಪಾಯಿಯ ಅಂಗಿಗಳು ಪೆಟ್ಟಿಗೆಯಲ್ಲಿ ಒಂದೇ ಅಗಲಕ್ಕೆ ಕೂರಬೇಕೆಂಬುದು ದಂಡಿನ ಲೋಕದ ಕಟ್ಟುನಿಟ್ಟು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಕೊಂಡ ಹೊಸ ಅಂಗಿಯನ್ನು ಬಿಚ್ಚಿ ನೋಡಿ: ಬೆನ್ನಿಗೊಂದು ರಟ್ಟು, ಕಾಲರಿಗೊಂದು ಪಟ್ಟಿ, ನಾಲ್ಕಾರು ಗುಂಡುಸೂಜಿ. ಆ ರಟ್ಟು ಬರೀ ಅಲಂಕಾರವಲ್ಲ, ಅದೇ ಅಳತೆಗೋಲು. ಸಿದ್ಧ ಉಡುಪಿನ ಕಾರ್ಖಾನೆಗಳ ಕೊನೆಯ ವಿಭಾಗದಲ್ಲಿ ಇಂಥ ಅಚ್ಚಿನ ಹಲಗೆಯನ್ನಿಟ್ಟೇ ಸಾವಿರಾರು ಅಂಗಿಗಳನ್ನು ಮಡಚುತ್ತಾರೆ.

ಮನೆಯಲ್ಲಿ ಮಡಚುವಾಗ ನಿಧಾನವಾಗುವುದು ಕೈಯಲ್ಲ, ಕಣ್ಣು. ಎಲ್ಲಿ ಮಡಚಬೇಕು, ಎರಡು ಪಕ್ಕ ಸಮವಾಯಿತೇ ಎಂದು ಪ್ರತಿ ಬಟ್ಟೆಗೂ ಹೊಸದಾಗಿ ಅಂದಾಜು ಮಾಡಬೇಕು. ರಸ್ತೆಬದಿಯ ಗಾಡಿಯಲ್ಲಿ ಇಸ್ತ್ರಿ ಮಾಡುವವರಿಗೆ ಈ ಅಂದಾಜು ವರ್ಷಗಳ ರೂಢಿಯಿಂದ ಕೈಗೆ ಇಳಿದಿರುತ್ತದೆ. ಹತ್ತು ಅಂಗಿ ಕೊಟ್ಟರೆ ಹತ್ತೂ ಒಂದರ ಮೇಲೊಂದು ಅಂಚಿಗಂಚು ಕೂರುತ್ತವೆ. ನಮ್ಮ ನಿಮ್ಮ ಕೈಗೆ ಆ ಪಳಗಿಕೆ ಇಲ್ಲ. ಅದನ್ನು ರಟ್ಟಿಗೆ ವಹಿಸಬಹುದು. ಅಮೆರಿಕದಲ್ಲಿ ಇದನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿ ‘ಫ್ಲಿಪ್‌ಫೋಲ್ಡ್’ ಎಂದು ಮಾರುತ್ತಾರೆ. ನಮಗೆ ಹಳೆಯ ಟಿ.ವಿ. ಪೆಟ್ಟಿಗೆ ಸಾಕು.

ಮೊದಲು ಅಳೆಯಬೇಕಾದದ್ದು ಅಂಗಿಯನ್ನಲ್ಲ, ಕಪಾಟನ್ನು. ಹಲಗೆ 75 ಸೆಂಟಿಮೀಟರ್ ಅಗಲವಿದ್ದು ಮೂರು ಸಾಲು ಕೂರಬೇಕಾದರೆ ಒಂದು ಸಾಲಿಗೆ 25. ಕೈ ಹೋಗಲು ಎಡೆ ಬಿಟ್ಟು 23 ಎಂದಿಟ್ಟುಕೊಳ್ಳಿ. ರಟ್ಟಿನಲ್ಲಿ 23 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಮೂರು ತುಂಡು ಕತ್ತರಿಸಬೇಕು. ರಟ್ಟಿನೊಳಗಿನ ಅಲೆಯಂಥ ಗೆರೆಗಳು ಉದ್ದಕ್ಕೆ ಹೋಗಿರಲಿ, ಇಲ್ಲದಿದ್ದರೆ ನಾಲ್ಕು ದಿನಕ್ಕೆ ನಡು ಬಾಗುತ್ತದೆ. ಒಂದು ತುಂಡನ್ನು ಮಾತ್ರ ಅಡ್ಡಕ್ಕೆ ಸರಿಯಾಗಿ ಎರಡು ಮಾಡಿ, ಅದು ನಡುವಿನದು. ಅದರ ಮೇಲರ್ಧಕ್ಕೆ ಎಡಗಡೆಯ ತುಂಡು, ಬಲಗಡೆಯ ತುಂಡು, ಕೆಳಗಿನ ಅರ್ಧ ಮೂರನ್ನೂ ಅಂಟುಪಟ್ಟಿಯಿಂದ ಸೇರಿಸಬೇಕು. ಕೆಳಗಿನ ಅರ್ಧವನ್ನು ಪಕ್ಕದ ತುಂಡುಗಳಿಗೆ ಅಂಟಿಸಕೂಡದು. ಅಂಟಿಸಿದರೆ ಮೇಲೇಳುವುದೇ ಇಲ್ಲ.

ಬಹಳ ಮಂದಿ ಎಡವುವುದು ಸಂದಿಯಲ್ಲಿ. ತುಂಡುಗಳನ್ನು ಒತ್ತೊತ್ತಾಗಿ ಇಟ್ಟು ಅಂಟಿಸಿದರೆ ಮಡಚುವಾಗ ಅಂಚಿಗೆ ಅಂಚು ಗುದ್ದಿ ಪಟ್ಟಿ ಕಿತ್ತುಬರುತ್ತದೆ. ರಟ್ಟಿನ ದಪ್ಪದ ಎರಡರಷ್ಟು ಎಡೆ ಬೇಕು. ಅರ್ಧ ಸೆಂಟಿಮೀಟರ್ ದಪ್ಪದ ರಟ್ಟಿಗೆ ಒಂದು ಸೆಂಟಿಮೀಟರ್. ಬಾಗಿಲಿನ ಕೀಲಿಗೆ ಆಚಾರಿ ಸಂದು ಬಿಡುವುದಿಲ್ಲವೇ, ಹಾಗೆ. ಪಟ್ಟಿಯನ್ನು ಎರಡೂ ಮಗ್ಗುಲಿಗೆ ಹಾಕಬೇಕು. ಬಟ್ಟೆಯ ಅಂಟುಪಟ್ಟಿ ಸಿಕ್ಕಿದರೆ ಪ್ಲಾಸ್ಟಿಕ್ಕಿನದಕ್ಕಿಂತ ಹೆಚ್ಚು ಬಾಳುತ್ತದೆ.

ಅಂಗಿಯನ್ನು ಎದೆ ಕೆಳಗಾಗಿ ಹಾಸಿ, ಕಾಲರು ನಡುವಿನ ತುಂಡಿನ ಮೇಲಂಚಿಗೆ ಬರಲಿ. ಬಲಗಡೆಯ ತುಂಡನ್ನು ಮಗುಚಿ, ಹಿಂದಕ್ಕೆ ಬಿಡಿ. ಆಚೆ ಚಾಚಿದ ತೋಳನ್ನು ಒಳಕ್ಕೆ ಎಳೆದುಕೊಳ್ಳಿ. ಎಡಗಡೆಯದನ್ನೂ ಹಾಗೆಯೇ. ಕೊನೆಗೆ ಕೆಳಗಿನ ಅರ್ಧವನ್ನು ಮೇಲಕ್ಕೆತ್ತಿ. ತಿರುಗಿಸಿಟ್ಟರೆ 23ಕ್ಕೆ 30 ಸೆಂ.ಮೀ. ಅಳತೆಯ ಮಡಿಕೆ. ಮುಂದಿನ ಅಂಗಿ ಬೇರೆ ಗಾತ್ರದ್ದಾದರೂ ಮಡಿಕೆಯ ಅಗಲ ಅಷ್ಟೇ, ಏಕೆಂದರೆ ಅದನ್ನು ತೀರ್ಮಾನಿಸಿದ್ದು ನಡುವಿನ ರಟ್ಟು.

ಪಳಗಿದ ಕೈಯನ್ನು ಈ ಹಲಗೆ ಸೋಲಿಸುತ್ತದೆ ಎನ್ನುವಂತಿಲ್ಲ. ಇಸ್ತ್ರಿ ಗಾಡಿಯವರ ಮುಂದೆ ಇದನ್ನು ಪ್ರದರ್ಶಿಸಿದರೆ ನಕ್ಕಾರು. ಆದರೆ ಎಂಟು ವರ್ಷದ ಹುಡುಗನೂ, ಕಣ್ಣು ಮಂದವಾದ ಅಜ್ಜನೂ, ‘ನನಗೆ ನೀಟಾಗಿ ಬರುವುದಿಲ್ಲ’ ಎಂದು ಪತ್ರಿಕೆಯ ಹಿಂದೆ ಅವಿತುಕೊಳ್ಳುವ ಗಂಡಸೂ ಇದರಿಂದ ಅಮ್ಮನಷ್ಟೇ ಸಮವಾಗಿ ಮಡಚಬಲ್ಲರು. ಬರುವುದಿಲ್ಲವೆಂಬ ನೆಪವೇ ಎಷ್ಟೋ ಮನೆಗಳಲ್ಲಿ ಆ ಕುರ್ಚಿಯ ಗುಡ್ಡೆಯನ್ನು ಒಬ್ಬಳ ತಲೆಗೆ ಕಟ್ಟಿದೆ.

ಮಕ್ಕಳ ಅಂಗಿಗೆ 15 ಸೆಂ.ಮೀ. ಅಗಲದ ಇನ್ನೊಂದು ಚಿಕ್ಕ ಹಲಗೆ ಬೇಕಾಗುತ್ತದೆ. ಪ್ಯಾಂಟನ್ನು ಕಾಲಿಗೆ ಕಾಲು ಸೇರಿಸಿ ಅರ್ಧ ಮಾಡಿಟ್ಟರೆ ದೊಡ್ಡ ಹಲಗೆಯೇ ಸಾಕು. ಸೀರೆಗೆ ಮಾತ್ರ ಇದು ಒಗ್ಗದು. ಅದಕ್ಕೆ ಈಗಲೂ ಒಂದು ತುದಿಗೊಬ್ಬರು, ಇನ್ನೊಂದು ತುದಿಗೊಬ್ಬರು ನಿಲ್ಲಬೇಕು.