ಒಕ್ಕಗಳು ಹೆಚ್ಚಿದವು, ಒಲಿಂಪಿಯನ್ನರು ಎಲ್ಲಿ?

2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಪುರುಷರ ಹಾಕಿ ತಂಡದ ಪಟ್ಟಿಯನ್ನು ಟೋಕಿಯೊ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಕೊಡಗಿನ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ರಿಯೊದ 16 ಮಂದಿಯಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ನಾಲ್ವರೂ ಈ ಜಿಲ್ಲೆಯವರು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಅಂದರೆ ಎರಡು ಸಾವಿರ ಭಾರತೀಯರನ್ನು ಒಟ್ಟುಗೂಡಿಸಿದರೂ ಅದರಲ್ಲಿ ಒಬ್ಬ ಕೊಡಗಿನವ ಸಿಗುವುದು ಕಷ್ಟ. ತಂಡದಲ್ಲಿ ಮಾತ್ರ ನಾಲ್ವರಿಗೊಬ್ಬ. ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲಿ ಒಬ್ಬರೂ ಇಲ್ಲ. 2024ರ ಪ್ಯಾರಿಸ್‌ನಲ್ಲೂ ಇಲ್ಲ. ರಿಯೊದಿಂದ ಟೋಕಿಯೊವರೆಗಿನ ಐದು ವರ್ಷದಲ್ಲಿ ಒಂದು ಜಿಲ್ಲೆಯ ಪ್ರತಿಭೆ ಬತ್ತಿಹೋಗುತ್ತದೆಯೇ?

ಬತ್ತಿಲ್ಲ ಎನ್ನುವುದಕ್ಕೆ ಕೌಟುಂಬಿಕ ಹಾಕಿಯೇ ಸಾಕ್ಷಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಶುರು ಮಾಡಿದಾಗ ಬಂದದ್ದು 60 ಒಕ್ಕಗಳು, ಅಂದರೆ ಕೊಡವ ಮನೆತನಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396. ಆತಿಥ್ಯ ವರ್ಷಕ್ಕೊಂದು ಒಕ್ಕದ್ದು, ಕಪ್ಪಿಗೂ ಅದರದೇ ಹೆಸರು. ಅಜ್ಜ ಗೋಲು ಕಾಯುತ್ತಿದ್ದರೆ ಮೊಮ್ಮಗ ಮುಂದಕ್ಕೆ ಓಡಬಹುದು. ಹೆಣ್ಣುಮಕ್ಕಳು ಪ್ರತ್ಯೇಕ ತಂಡ ಕಟ್ಟಿಕೊಳ್ಳಬೇಕಿಲ್ಲ, ಗಂಡಸರ ಜೊತೆಯಲ್ಲೇ ಇಳಿಯುತ್ತಾರೆ. ಮನೆಹೆಸರೇ ತಂಡವಾಗುವ ಇಂಥ ಪಂದ್ಯಾವಳಿ ಹಾಕಿ ಆಡುವ ಬೇರೆ ಯಾವ ನಾಡಿನಲ್ಲಿದೆ? ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರೂ ರಜೆ ಹಾಕಿ, ಸ್ಟಿಕ್ ಹುಡುಕಿಕೊಂಡು ಊರಿಗೆ ಬರುತ್ತಾರೆ. ಆಸೆ, ಚಾಳಿ, ಬೆವರು ಯಾವುದಕ್ಕೂ ಇಲ್ಲಿ ಬರವಿಲ್ಲ.

ಹಾಕಿ ಕೊಡವರ ರಕ್ತದಲ್ಲೇ ಇದೆ ಎನ್ನುವವರಿದ್ದಾರೆ. ಕೇಳಲು ಹಿತವಾದ ಮಾತು, ಆದರೆ ನಿಲ್ಲುವುದಿಲ್ಲ. ಸುನಿಲ್ ಕೊಡವ ಒಕ್ಕದವರೇ ಅಲ್ಲ. ಸೋಮವಾರಪೇಟೆಯ ಬಡಗಿಯೊಬ್ಬರ ಮಗ, ಬಿದಿರಿನ ಕೋಲು ಹಿಡಿದು ಆಟ ಕಲಿತವರು. ಹಾಗಾದರೆ ಅವರು ಬರೀ ಪರಿಶ್ರಮದ ಫಲವೇ? ಅದನ್ನೂ ಪೂರ್ತಿ ಒಪ್ಪಲಾಗದು. 1972ರ ಮ್ಯೂನಿಕ್‌ನಲ್ಲಿ ಆಡಿದ ಬಿ.ಪಿ. ಗೋವಿಂದ, 2004ರ ಅಥೆನ್ಸ್‌ನಲ್ಲಿ ಆಡಿದ ಅರ್ಜುನ್ ಹಾಲಪ್ಪ ಇಬ್ಬರೂ ಅದೇ ಸೋಮವಾರಪೇಟೆಯವರು. ಬಿದಿರು ಮಲೆನಾಡಿನ ಎಲ್ಲ ಕಡೆಯೂ ಬೆಳೆಯುತ್ತದೆ. ಅದನ್ನು ಹಾಕಿ ಸ್ಟಿಕ್ ಎಂದುಕೊಳ್ಳಲು ಕಣ್ಣೆದುರು ಆಡಿ ಗೆದ್ದವರಿರಬೇಕು.

ಎಂ.ಪಿ. ಗಣೇಶ್ ಅವರದು ಇನ್ನೂ ಸೋಜಿಗದ ಕತೆ. ಕೊಡಗು ಜಿಲ್ಲೆಗೆ ಫುಟ್‌ಬಾಲ್ ಆಡುತ್ತಿದ್ದ ಯುವಕ ಸೇನೆ ಸೇರಿದ ಮೇಲೆ ಸರ್ವಿಸಸ್ ತಂಡದಲ್ಲಿ ಹಾಕಿ ಆಡಿದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತಕ್ಕೆ ಅವರೇ ನಾಯಕ. ಕಾಲು ಅವರದು, ದಮ್ಮು ಅವರದು. ಮೈದಾನ, ಕೋಚ್, ತಿಂಗಳ ಸಂಬಳ ಮಾತ್ರ ಸೇನೆಯದು. ಮುಂದಿನ ತಲೆಮಾರಿನ ಆಟಗಾರ ಎಂ.ಎಂ. ಸೋಮಯ್ಯನವರಿಗೆ ನೌಕರಿ ಕೊಡಲು ಭಾರತ್ ಪೆಟ್ರೋಲಿಯಂ ಇತ್ತು.

ಕೊರತೆ ಪ್ರತಿಭೆಯದಲ್ಲ, ಆಸರೆಯದು ಎಂದು ಹದಿನಾರು ಜನರ ಪಟ್ಟಿಯಿಂದ ಇಷ್ಟು ದೊಡ್ಡ ತೀರ್ಮಾನವೇ ಎಂದು ಕೇಳಿದರೆ ಅದು ನ್ಯಾಯವಾದ ಆಕ್ಷೇಪ. ಒಬ್ಬನ ಮಂಡಿ ನೋವು, ಆಯ್ಕೆಗಾರನ ಒಂದು ಒಲವು ಸಾಕು, ಲೆಕ್ಕ ತಿರುಗುತ್ತದೆ. ಎರಡು ಒಲಿಂಪಿಕ್ಸ್ ಸತತ ಸೊನ್ನೆಯಾದಾಗ ಮಾತ್ರ ಅದೃಷ್ಟದ ಮೇಲೆ ಹೊಣೆ ಹೊರಿಸಿ ಕೂರಲು ಮನಸ್ಸು ಒಪ್ಪುವುದಿಲ್ಲ. ಈಗಿನ ಹುಡುಗರಿಗೆ ಕಷ್ಟಪಡುವುದು ಬೇಡ ಎಂಬ ಹಿರಿಯರ ಗೊಣಗಾಟ ನನಗಂತೂ ಪಥ್ಯವಲ್ಲ. ಟೋಕಿಯೊ ತಂಡದ ಮನ್‌ಪ್ರೀತ್, ಮನ್‌ದೀಪ್, ವರುಣ್ ಮೂವರೂ ಜಲಂಧರ್‌ನ ಮಿಠಾಪುರದವರು. ಅಲ್ಲಿನ ಹುಡುಗರು ಹುಟ್ಟುತ್ತಲೇ ಹೆಚ್ಚು ಶ್ರಮಜೀವಿಗಳೇನಲ್ಲ. ವ್ಯತ್ಯಾಸವಿರುವುದು ಬೆನ್ನಿಗೆ ನಿಲ್ಲುವವರಲ್ಲಿ. ಒಡಿಶಾ ಸರ್ಕಾರವಂತೂ 2018ರಿಂದ ರಾಷ್ಟ್ರೀಯ ತಂಡದ ಪ್ರಾಯೋಜಕತ್ವವನ್ನೇ ವಹಿಸಿಕೊಂಡಿದೆ.

ಕೌಟುಂಬಿಕ ಹಾಕಿ ನಡೆಯುವುದು ಮಣ್ಣಿನ ಮೈದಾನದಲ್ಲಿ. ಒಲಿಂಪಿಕ್ಸ್ 1976ರ ಮಾಂಟ್ರಿಯಲ್‌ನಲ್ಲೇ ಕೃತಕ ಟರ್ಫ್‌ನತ್ತ ಹೊರಳಿತು. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ತಡೆದು ನಿಲ್ಲಿಸಿ ನಾಜೂಕಾಗಿ ಕೊಂಡೊಯ್ಯುವವನೇ ಅಲ್ಲಿ ಜಾಣ. ನೀರು ಹಾಯಿಸಿದ ಟರ್ಫ್ ಮೇಲೆ ಅದು ಜಾರಿ ಬರುವ ವೇಗಕ್ಕೆ ಕೈ ಬೇರೆಯೇ ಪಳಗಬೇಕು, ಅದೂ ಎಳೆಯ ವಯಸ್ಸಿನಲ್ಲಿ. ಇದಕ್ಕೆ ಒಕ್ಕಗಳನ್ನು ದೂರುವಂತಿಲ್ಲ. ನೆಂಟರು ಸೇರಿ ನಲಿಯಲೆಂದು ಕಟ್ಟಿದ ಹಬ್ಬ ಅದು, ಅಕಾಡೆಮಿಯಲ್ಲ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಕೊಡಗಿನ ಹೆಸರೊಂದು ಕಂಡರೆ ಮಣ್ಣಿನ ಗುಣವನ್ನು ಹೊಗಳುವ ಮೊದಲು, ಆ ಹುಡುಗ ಯಾವ ಹಾಸ್ಟೆಲಿನಲ್ಲಿದ್ದ, ಎಷ್ಟನೇ ವಯಸ್ಸಿಗೆ ಟರ್ಫ್ ಮುಟ್ಟಿದ, ಸಂಬಳ ಕೊಟ್ಟವರು ಯಾರು ಎಂದು ವಿಚಾರಿಸಬೇಕು.