ದೊಡ್ಡನೆಕ್ಕುಂದಿಯಿಂದ ಅಲೆ ಹತ್ತೋಕೆ ಎಲ್ಲಿಗೆ?

ದೊಡ್ಡನೆಕ್ಕುಂದಿ ಟ್ರಾಫಿಕ್ಕಲ್ಲಿ ಬಸ್ಸಲ್ಲಿ ಕೂತು ಸರ್ಫಿಂಗ್ ರೀಲ್ ನೋಡ್ತಿದ್ದೀರಾ?
ಸರಿ, ಹೋಗೋದಾದ್ರೆ ಯಾವ ಬೀಚು?

ಮೂಲ್ಕಿ ಪಕ್ಕದ ಸಸಿಹಿತ್ಲು.
ನನಗಂತೂ ಗೋವಾಗಿಂತ ಇದೇ ವಾಸಿ.
2016ರ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದೂ ಇಲ್ಲೇ.

ಯಾಕೆ ಇಲ್ಲೇ?
ಶಾಂಭವಿ, ನಂದಿನಿ ನದಿಗಳು ಇಲ್ಲಿ ಕಡಲು ಸೇರ್ತವೆ.
ತಂದ ಮರಳು ನೀರಡಿ ದಿಬ್ಬ ಆಗುತ್ತೆ.
ರಿಂಗ್ ರೋಡಲ್ಲಿ ಜೋರಾಗಿ ಬಂದ ಬೈಕು
ಹಂಪ್ ಸಿಕ್ಕಿ ಎಗರುತ್ತಲ್ಲ?
ಅಲೆನೂ ಹಾಗೇ,
ದಿಬ್ಬ ಸಿಕ್ಕಿದ ತಕ್ಷಣ ಎದ್ದು ಮುರಿಯುತ್ತೆ.

ಹೊಸಬರಾ?
ಮಳೆಗಾಲ ಬೇಡವೇ ಬೇಡ.
ನವೆಂಬರ್ ಆದ್ಮೇಲೆ ಹೋಗಿ.
ಸೊಂಟದಷ್ಟು ನೀರು, ಕಾಲಡಿ ಮರಳು,
ಪಕ್ಕದಲ್ಲಿ ಕಲಿಸೋರು. ಸಾಕು.

ಇನ್ನೊಂದು.
ನೊರೆ ಇಲ್ಲದೆ, ಕಪ್ಪಗೆ, ಶಾಂತವಾಗಿ ಕಾಣೋ ಜಾಗ
ಸೇಫ್ ಅನ್ಸುತ್ತೆ.
ನೀರು ಒಳಕ್ಕೆ ಎಳೆಯೋದು ಎಷ್ಟೋ ಸಲ ಅಲ್ಲೇ!
ಸಿಕ್ಕಿಹಾಕ್ಕೊಂಡ್ರೆ
ನೇರ ದಡಕ್ಕೆ ಈಜಬೇಡಿ.
ದಡದುದ್ದಕ್ಕೂ ಪಕ್ಕಕ್ಕೆ ಸರೀರಿ,
ಎಳೆತ ತಪ್ಪಿದ್ಮೇಲೆ ದಡದ ಕಡೆ ತಿರುಗಿ.