‘ಕ್ರಿಸ್‌ಮಸ್’ ಪದದೊಳಗಿನ ಕರೆ



ಡಿಸೆಂಬರ್ ಬಂತೆಂದರೆ ನಾವೆಲ್ಲರೂ ‘ಹ್ಯಾಪಿ ಕ್ರಿಸ್‌ಮಸ್’ ಎಂದು ಶುಭಾಶಯ ಕೋರುತ್ತೇವೆ. ಗೋದಲಿ, ನಕ್ಷತ್ರ, ಕೇಕುಗಳ ಸಡಗರದಲ್ಲಿ ಆ ಪದದ ಅರ್ಥವೇನೆಂದು ಕೇಳಿಕೊಳ್ಳುವುದು ಅಪರೂಪ. ನಾವು ಕನ್ನಡದಲ್ಲಿ ಹೇಳುವ ‘ಕ್ರಿಸ್ತ ಜಯಂತಿ’ಯಲ್ಲಿ ಜನನದ ಅರ್ಥವಿದೆ. ಆದರೆ ಈ ಇಂಗ್ಲಿಷ್ ಪದದಲ್ಲಿ ಜನನದ ಮಾತೇ ಇಲ್ಲ!

11ನೇ ಶತಮಾನದ ಹಳೆಯ ಇಂಗ್ಲಿಷಿನಲ್ಲಿ ಇದು ‘ಕ್ರಿಸ್ತೆಸ್ ಮ್ಯಾಸ್ಸೆ’ ಎಂಬ ಎರಡು ಪದಗಳಾಗಿತ್ತು. ಅಂದರೆ ‘ಕ್ರಿಸ್ತರ ಬಲಿಪೂಜೆ’.

ಮೊದಲ ಪದವನ್ನು ನೋಡೋಣ. ‘ಕ್ರಿಸ್ತ’ ಎಂಬುದು ಮೂಲತಃ ಬಿರುದು. ಇಸ್ರಯೇಲಿನಲ್ಲಿ ಅರಸರನ್ನೂ ಯಾಜಕರನ್ನೂ ತೈಲದಿಂದ ಅಭಿಷೇಕಿಸುತ್ತಿದ್ದರು. ಹಾಗೆ ಅಭಿಷಿಕ್ತನಾದವನಿಗೆ ಹೀಬ್ರೂ ಭಾಷೆಯಲ್ಲಿ ‘ಮಾಷಿಯಾಹ್’ ಎಂದು ಹೆಸರು. ನಮ್ಮ ‘ಮೆಸ್ಸೀಯ’ ಬಂದದ್ದು ಅದರಿಂದಲೇ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಯೆಹೂದ್ಯರು ತಮ್ಮ ಪವಿತ್ರ ಗ್ರಂಥವನ್ನು ಗ್ರೀಕಿಗೆ ಅನುವಾದಿಸಿದಾಗ ಅದು ‘ಕ್ರಿಸ್ತೋಸ್’ ಆಯಿತು, ಮುಂದೆ ಲತೀನಿನಲ್ಲಿ ‘ಕ್ರಿಸ್ತುಸ್’. ಸ್ನಾನದೀಕ್ಷೆಯಲ್ಲಿ ನಮ್ಮ ಮಕ್ಕಳ ನೆತ್ತಿಗೆ ಹಚ್ಚುವ ‘ಕ್ರಿಸ್ಮ’ ತೈಲದ ಹೆಸರೂ ಇದೇ ಬೇರಿನದು.

ಎರಡನೆಯ ಪದ ‘ಮ್ಯಾಸ್ಸೆ’. ಇದರ ಮೂಲ ಲತೀನಿನ ‘ಮಿಸ್ಸ’. ಅದರ ಹಿಂದಿರುವ ಕ್ರಿಯಾಪದ ‘ಮಿತ್ತೆರೆ’, ಅಂದರೆ ಕಳುಹಿಸು. ಲತೀನ್ ಪೂಜೆಯ ಕೊನೆಯಲ್ಲಿ ‘ಇತೆ, ಮಿಸ್ಸ ಎಸ್ತ್’ ಎಂದು ಹೇಳಿ ಜನರನ್ನು ಬೀಳ್ಕೊಡುತ್ತಾರೆ. ಆ ಬೀಳ್ಕೊಡುಗೆಯ ಮಾತೇ ಇಡೀ ಪೂಜೆಯ ಹೆಸರಾಯಿತು. ಪ್ರಾಚೀನ ಕಾಲದಲ್ಲಿ ಅದರ ಅರ್ಥ ಕೇವಲ ಬೀಳ್ಕೊಡುಗೆ. ಕ್ರೈಸ್ತರ ಬಳಕೆಯಲ್ಲಿ ಅದಕ್ಕೆ ಕ್ರಮೇಣ ‘ಪ್ರೇಷಣ’ದ ಆಳವಾದ ಅರ್ಥ ಬಂತೆಂದು ಜಗದ್ಗುರು 16ನೇ ಬೆನೆಡಿಕ್ಟರು 2007ರ ತಮ್ಮ ಪ್ರಬೋಧನ ಪತ್ರದಲ್ಲಿ ವಿವರಿಸಿದ್ದಾರೆ. ‘ಮಿಷನ್’ ಪದವೂ ಇದೇ ಕುಟುಂಬದ್ದು.

ಅಭಿಷೇಕ, ಕಳುಹಿಸುವಿಕೆ: ಈ ಎರಡನ್ನೂ ನಾವು ಬೇರೊಂದು ಕಡೆ ಒಟ್ಟಿಗೆ ಕಾಣುತ್ತೇವೆ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದ್ದು ಇದನ್ನೇ: ಬಡವರಿಗೆ ಶುಭಸಂದೇಶ ಸಾರಲು ದೇವರಾತ್ಮ ತಮ್ಮನ್ನು ಅಭಿಷೇಕಿಸಿದೆ, ಸೆರೆಯವರಿಗೆ ಬಿಡುಗಡೆ ಸಾರಲು ತಮ್ಮನ್ನು ಕಳುಹಿಸಿದೆ (ಲೂಕ 4:18).

ಪ್ರಿಯರೇ, ನಡುರಾತ್ರಿಯ ಪೂಜೆಯಲ್ಲಿ ಕೊನೆಯ ಆಶೀರ್ವಾದಕ್ಕೂ ಮೊದಲೇ ಬಾಗಿಲ ಕಡೆ ಸರಿಯುವವರು ನಮ್ಮಲ್ಲಿ ಎಷ್ಟೋ ಮಂದಿ. ಹಬ್ಬಕ್ಕೆ ಹೆಸರು ಕೊಟ್ಟ ಮಾತನ್ನೇ ಕೇಳಿಸಿಕೊಳ್ಳದೆ ಹೊರಟುಬಿಡುತ್ತೇವೆ! ಈ ಬಾರಿ ನಿಂತು ಕೇಳೋಣ. ಅದೇ ತೈಲದಿಂದ ಅಭಿಷೇಕ ಹೊಂದಿದ ನಮ್ಮನ್ನೂ ಅಂದು ಕಳುಹಿಸಲಾಗುತ್ತದೆ. ನಮ್ಮದೇ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರ ಬಳಿಗೆ, ಮಾತು ಬಿಟ್ಟಿರುವ ನೆಂಟರ ಮನೆಗೆ ಹೋಗೋಣ.

ತಮಗೆಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.